ಸೊಲ್ಲು ಹಿಡಿಯುವವಳು

ಮೂರು ಸಲ ತಪ್ಪಿಹೋದ ಮೇಲೆ ನಾಲ್ಕನೇ ಸಲ ನಾನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ನನಗೆ ಹುಚ್ಚು ಹಿಡಿಸಿರುವ ಒಂದು ಹಾಡಿನ ತಂಡವಿದೆ. ಐದು ಜನ. ಒಬ್ಬಳು ಹುಡುಗಿ ಹಾಡುತ್ತಾಳೆ, ಉಳಿದವರದು ಗಿಟಾರು, ಕೊಳಲು, ಕೀಬೋರ್ಡು, ಡ್ರಮ್ಮು. ಮದುವೆಮನೆಗಳಲ್ಲಿ ಹೆಂಗಸರು ಹಾಡುವ ಹಾಡುಗಳನ್ನು ಊರೂರು ತಿರುಗಿ ಕಲಿತು, ಇವತ್ತಿನ ವಾದ್ಯ ಸೇರಿಸಿ ಹಾಡುತ್ತಾರೆ. "ಸೋಬಾನೆಗೆ ಜೀನ್ಸ್ ಪ್ಯಾಂಟು ಹಾಕ್ಸಿದಾರೆ" ಎಂದು ನನ್ನ ಗಂಡ ನಗುತ್ತಾರೆ. ನಗಲಿ. ಬೆಳಗ್ಗೆ ಅನ್ನಕ್ಕಿಡುವಾಗ ಅವರ ಹಾಡು ಇಲ್ಲದಿದ್ದರೆ ನನಗೆ ಕುಕ್ಕರಿನ ಸೀಟಿ ಎಣಿಸುವುದಕ್ಕೂ ಆಗುವುದಿಲ್ಲ.

ಇಷ್ಟಿದ್ದೂ ಅವರನ್ನು ಎದುರಿಗೆ ಕಂಡಿರಲಿಲ್ಲ. ಅವರು ನಮ್ಮ ಶಿವಮೊಗ್ಗಕ್ಕೆ ಬಂದ ದಿನ ನಾನು ಹರಿಹರದಲ್ಲಿದ್ದೆ. ದಾವಣಗೆರೆಗೆ ಬಂದಾಗ ಸೊರಬದಲ್ಲಿ. ಮೈಸೂರಿಗೆ ಹೋಗಿ ನೋಡೇಬಿಡೋಣವೆಂದು ಟಿಕೆಟ್ ತೆಗೆದ ವಾರವೇ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅತ್ತೆಯನ್ನು ಬೈಯುವ ಹಾಗಿಲ್ಲ. ಬೈದೆ, ಮನಸ್ಸಿನಲ್ಲಿ.

ನನ್ನದು ಕಿವಿಯ ಕೆಲಸ. ಒಂದು ವ್ಯಾನು, ಅದರೊಳಗೆ ಕಿವಿ ಪರೀಕ್ಷೆಯ ಯಂತ್ರ, ಲ್ಯಾಪ್‌ಟಾಪು, ಡಬ್ಬಿಗಟ್ಟಲೆ ಶ್ರವಣಯಂತ್ರ. ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಗಿ ಶಿಬಿರ ಮಾಡುತ್ತೇವೆ. ನಾವು ಎಂದರೆ ನಾನು ಮತ್ತು ಡ್ರೈವರು. ಆ ಮನುಷ್ಯ ಹನ್ನೊಂದು ವರ್ಷದಿಂದ ನನ್ನ ಜೊತೆಗಿದ್ದಾನೆ, ಹನ್ನೊಂದು ವರ್ಷದಿಂದಲೂ ನನ್ನ ಹಾಡುಗಳನ್ನು ಆಡಿಕೊಂಡಿದ್ದಾನೆ. ಹೋದ ಚಳಿಗಾಲದಲ್ಲಿ ನಮ್ಮ ಪಟ್ಟಿ ಹೀಗಿತ್ತು: ಗುರುವಾರ ಸಾಗರ, ಶುಕ್ರವಾರ ಹೊಸನಗರ, ಶನಿವಾರ ತೀರ್ಥಹಳ್ಳಿ. ಆ ಶನಿವಾರ ಸಂಜೆ ಆರಕ್ಕೆ ತೀರ್ಥಹಳ್ಳಿಯಲ್ಲೇ, ಕಾಲೇಜು ಮೈದಾನದಲ್ಲಿ ನನ್ನ ತಂಡದ ಕಾರ್ಯಕ್ರಮ! ಪಟ್ಟಿಯನ್ನೂ ಪೋಸ್ಟರನ್ನೂ ಪಕ್ಕಪಕ್ಕ ಇಟ್ಟು ಮೂರು ಸಲ ನೋಡಿದೆ. ದೇವರು ಇದ್ದಾನೆ ಅನ್ನಿಸಿತು.

ಸಾಗರಕ್ಕೆ ಹೋಗುವ ದಾರಿಯಲ್ಲಿ ವ್ಯಾನಿನೊಳಗೆ ಅವರ ಒಂದೇ ಹಾಡು ಏಳೆಂಟು ಸಲ ಹಾಕಿರಬೇಕು. ಮದುಮಗಳನ್ನು ಹಸೆಮಣೆಗೆ ಕರೆಯುವ ಹಾಡು. ಶುರುವಿನಲ್ಲಿ ವಾದ್ಯವೇ ಇಲ್ಲ. ಒಬ್ಬ ಮುದುಕಿಯ ದನಿ ಮಾತ್ರ, ಯಾರದೋ ಅಂಗಳದಲ್ಲಿ ರೆಕಾರ್ಡು ಮಾಡಿದ್ದು, ಹಿಂದೆ ಎಲ್ಲೋ ಕರು ಕೂಗುವುದೂ ಕೇಳುತ್ತದೆ. ಅಜ್ಜಿ ಒಂದು ಸಾಲು ಹಾಡಿ ನಿಲ್ಲಿಸುತ್ತಾಳೆ. ಆಮೇಲೆ ಏನೂ ಇಲ್ಲ. ಒಂದು ಸಾಲು ಹಾಡುವಷ್ಟು ಹೊತ್ತು ಬರೀ ಮೌನ. ಮತ್ತೆ ಎರಡನೇ ಸಾಲು, ಮತ್ತೆ ಮೌನ. ಹೀಗೆ ನಾಲ್ಕು ಸಾಲು ಆದ ಮೇಲೆ ಧಡ್ ಎಂದು ಡ್ರಮ್ಮು ಬೀಳುತ್ತದೆ, ಹುಡುಗಿ ಎತ್ತಿಕೊಳ್ಳುತ್ತಾಳೆ. ಆ ನಾಲ್ಕು ಮೌನಕ್ಕಾಗಿಯೇ ನಾನು ಆ ಹಾಡು ಕೇಳುತ್ತಿದ್ದುದು.

"ನೋಡು, ಎಂಥಾ ರುಚಿ ಇದೆ ಆ ಹುಡುಗರಿಗೆ! ಬೇರೆಯವರಾಗಿದ್ರೆ ಅಲ್ಲಿ ಏನಾದ್ರೂ ಬಾರಿಸಿ ತುಂಬಿಸಿಬಿಡ್ತಿದ್ರು. ಇವರು ಸುಮ್ನಿದ್ದಾರೆ" ಎಂದೆ.

"ಮೇಡಂ, ಅದು ರುಚಿ ಅಲ್ಲ, ನೆಟ್‌ವರ್ಕ್ ಹೋಗಿದ್ದು" ಎಂದ ಡ್ರೈವರು.

"ನಿನ್ನ ತಲೆ ಹೋಗಿದ್ದು" ಎಂದು ದನಿ ಇನ್ನೂ ಜೋರು ಮಾಡಿದೆ.

ಸಾಗರದಲ್ಲಿ ಜನವೋ ಜನ. ಅಡಿಕೆ ಮಂಡಿಯ ರೈಟರೊಬ್ಬರು ಬಂದು, "ಮೇಡಮ್ಮೋರೇ, ಹರಾಜು ಕೂಗೋದು ಕೇಳ್ಬೇಕು, ಹೆಂಡ್ತಿ ಕೂಗೋದು ಕೇಳ್ಬಾರ್ದು, ಹಂಗೆ ಸೆಟ್ ಮಾಡಿಕೊಡಿ" ಎಂದರು. ಪಕ್ಕದಲ್ಲಿದ್ದ ಹೆಂಡತಿ, "ಅವ್ರಿಗೆ ಈಗ್ಲೇ ಹಂಗೇ ಕೇಳೋದು, ಮಿಷನ್ನೇ ಬ್ಯಾಡ" ಎಂದಳು. ನಮ್ಮ ಫಾರ್ಮಿನಲ್ಲಿ ಪ್ರಶ್ನೆಗಳಿರುತ್ತವೆ. ಮನೆಯವರ ಮಾತು ಕೇಳಿಸುತ್ತದೆಯೆ, ಫೋನು ಕೇಳಿಸುತ್ತದೆಯೆ, ಬಸ್ಸಿನ ಹಾರ್ನು ಕೇಳಿಸುತ್ತದೆಯೆ. ಉತ್ತರ ನೋಡಿಕೊಂಡು ಮಾತು ಚೆನ್ನಾಗಿ ಕೇಳುವ ಹಾಗೆ ಲ್ಯಾಪ್‌ಟಾಪಿನಿಂದ ಯಂತ್ರವನ್ನು ಹೊಂದಿಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡಿದ್ದೇನೆ, ಒಳ್ಳೆಯ ಹೆಸರೂ ಇದೆ. ಆ ಹೆಸರಿನ ಮೇಲೆ ನನಗೆ ಸ್ವಲ್ಪ ಜಂಬವೂ ಇತ್ತು.

ಶುಕ್ರವಾರ ಹೊಸನಗರದಲ್ಲಿ ಶಾಲೆಯೊಂದರ ಕೋಣೆ ಕೊಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಸೊಸೆಯ ಜೊತೆ ಬಂದರು. ಎಪ್ಪತ್ತೈದರ ಮೇಲಿರಬೇಕು, ಗಟ್ಟಿ ಮೈ, ಕೊರಳಲ್ಲಿ ಕರಿಮಣಿ, ನಡೆಯುವುದು ಸೊಸೆಗಿಂತ ಚುರುಕು. ಸೊಸೆ ಗಂಟಲು ಹರಿಯುವ ಹಾಗೆ ಮಾತಾಡುತ್ತಿದ್ದಳು. "ಅತ್ತೇ, ಕೂತ್ಕಳಿ! ಕೂತ್ಕಳಿ ಅಂದೆ! ನೋಡಿ ಮೇಡಂ, ಇವರ ಹತ್ರ ಮಾತಾಡಿ ಮಾತಾಡಿ ಊರವರೆಲ್ಲ ನನ್ನ ಜಗಳಗಂಟಿ ಅಂತಾರೆ" ಎಂದಳು.

ಕಿವಿ ಪರೀಕ್ಷೆ ಸರಳ. ಹೆಡ್‌ಫೋನು ಹಾಕಿ, ಕೈಗೆ ಒಂದು ಗುಂಡಿ ಕೊಡುತ್ತೇವೆ. ಸಣ್ಣಗೆ ಟುಂಯ್ ಎಂದು ಒಂದೊಂದೇ ಸ್ವರ ಬಿಡುತ್ತೇವೆ. ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಕೈಸನ್ನೆ ಮಾಡಿ ಎಲ್ಲ ತಿಳಿಸಿದೆ. ಅಜ್ಜಿ ತಲೆಯಾಡಿಸಿದರು. ಮೊದಲ ಸ್ವರ ಬಿಟ್ಟೆ. ಗುಂಡಿ ಒತ್ತಲಿಲ್ಲ. ಜೋರು ಮಾಡಿದೆ. ಒತ್ತಲಿಲ್ಲ. ಇನ್ನೂ ಜೋರು ಮಾಡಿದೆ. ಆಗ ಅಜ್ಜಿ ಕಣ್ಣು ಮುಚ್ಚಿಕೊಂಡು "ಊಂ..." ಎಂದರು.

ಇನ್ನೊಂದು ಸ್ವರ ಬಿಟ್ಟೆ. ಮತ್ತೆ "ಊಂ..." ಈ ಸಲ ಸ್ವಲ್ಪ ಮೇಲೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತು ಹೊರಗಿನ್ನೂ ಮೂವತ್ತು ಜನ ಕಾಯುತ್ತಿದ್ದರು. "ಅಜ್ಜೀ, ಊಂ ಅನ್ನೋದಲ್ಲ, ಒತ್ತಬೇಕು!" ಎಂದು ಅವರ ಹೆಬ್ಬೆಟ್ಟು ಹಿಡಿದು ಒತ್ತಿಸಿದೆ. ಮತ್ತೆ ಸ್ವರ ಬಿಟ್ಟೆ. ಮತ್ತೆ "ಊಂ..." ಆಗ ನನಗೆ ಹೊಳೆಯಿತು. ನಾನು ಬಿಟ್ಟ ಸ್ವರ ಯಾವುದೋ ಅಜ್ಜಿ ಅಂದದ್ದೂ ಅದೇ. ಒಂದು ಕೂದಲೆಳೆ ಮೇಲಿಲ್ಲ, ಕೆಳಗಿಲ್ಲ. ಅರೆಕಿವುಡಾದ ಆ ಹೆಂಗಸು ನನ್ನ ಯಂತ್ರದ ಸ್ವರವನ್ನು ಹಾಗೆಹಾಗೇ ತಿರುಗಿ ಒಪ್ಪಿಸುತ್ತಿದ್ದರು. ಬೇಕೆಂದೇ ಮೂರು ಸ್ವರ ಹಿಂದುಮುಂದು ಮಾಡಿ ಬಿಟ್ಟೆ. ಮೂರೂ ಬಂದವು.

ಹೆಡ್‌ಫೋನು ತೆಗೆದು ಸೊಸೆಯ ಮುಖ ನೋಡಿದೆ. ಅವಳು ಅತ್ತೆಯ ಕಿವಿಯ ಹತ್ತಿರ ಹೋಗಿ ಕೂಗಿದಳು. ಅಜ್ಜಿ ನನ್ನ ಕಡೆ ತಿರುಗಿ, "ನೀವು ಒಂದು ಹೇಳಿದ್ರಿ, ನಾನು ತಿರ್ಗಿ ಹೇಳ್ದೆ. ಎಂತ ತಪ್ಪಾಯ್ತು?" ಎಂದರು.

ತಪ್ಪೇನೂ ಆಗಿರಲಿಲ್ಲ, ಸೊಸೆ ಬಿಡಿಸಿ ಹೇಳಿದಳು. ಆ ಕಡೆಯ ಮದುವೆ ಹಾಡುಗಳಲ್ಲಿ ಒಬ್ಬಳು ಸಾಲನ್ನು ಎತ್ತುತ್ತಾಳೆ, ಇನ್ನೊಬ್ಬಳು ಅದೇ ಸಾಲನ್ನು ಹಾಗೆಯೇ ತಿರುಗಿ ಹಾಡುತ್ತಾಳೆ. ಅದಕ್ಕೆ ಸೊಲ್ಲು ಹಿಡಿಯುವುದು ಅನ್ನುತ್ತಾರೆ. ಎತ್ತುವವಳಿಗೆ ಹಾಡು ಗೊತ್ತಿರಬೇಕು, ಹಿಡಿಯುವವಳಿಗೆ ಕಿವಿ ಇರಬೇಕು. ಈ ಅಜ್ಜಿ ನಲವತ್ತು ವರ್ಷ ಸೊಲ್ಲು ಹಿಡಿದವರು. ಎತ್ತುತ್ತಿದ್ದವಳು ಪಕ್ಕದ ಮನೆಯ ಗೆಳತಿ. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಊರಿಗೆ ಬಂದವರು, ಒಂದೇ ಒಡೆಯರ ಗದ್ದೆಯಲ್ಲಿ ನಟ್ಟಿ ಮಾಡಿದವರು, ಆಮೇಲೆ ಉಳುವವನೇ ಒಡೆಯ ಎಂಬ ಕಾನೂನು ಬಂದು ಆ ಗದ್ದೆಗಳು ಇವರದೇ ಆದ ಮೇಲೂ ಒಟ್ಟಿಗೇ ನಟ್ಟಿ ಮಾಡಿದವರು. ಗೆಳತಿ ತೀರಿಕೊಂಡು ಎರಡು ವರ್ಷವಾಗಿತ್ತು.

"ಅವರ ದನಿ ಫೋನಿನಲ್ಲಿ ಐತೆ ಮೇಡಂ" ಎಂದಳು ಸೊಸೆ. "ಯಾರೋ ಹುಡುಗರು ಗಿಟಾರು ಹಿಡ್ಕೊಂಡು ಬಂದು ರೆಕಾರ್ಡು ಮಾಡ್ಕೊಂಡು ಹೋಗಿದ್ರು. ಹಸೆಗೆ ಕರಿಯೋ ಹಾಡು. ಅತ್ತೆಗೆ ಅದನ್ನ ಒಂದ್ಸಲ ಕೇಳ್ಬೇಕು. ಎಷ್ಟು ಜೋರು ಹಾಕಿದ್ರೂ ಗುಂಯ್ ಅಂತದೆ ಅಂತಾರೆ. ನಾಳೆ ತೀರ್ಥಹಳ್ಳಿಗೆ ಆ ಹುಡುಗ್ರೇ ಬರ್ತಿದಾರಂತೆ. ಅಷ್ಟರೊಳಗೆ ಮಿಷನ್ನು ಹಾಕ್ಸಿ ಅಂತ ನನ್ನ ಜೀವ ತಿಂದು ಕರ್ಕೊಂಡು ಬಂದ್ರು."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆ ದನಿ! ನನ್ನ ಅಡಿಗೆಮನೆಯಲ್ಲಿ ದಿನಾ ಬೆಳಗ್ಗೆ ಹಾಡುವ ದನಿ. ಇವರು ಅದರ ಜೋಡಿ. ನನ್ನ ಎದುರಿಗೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕೊಡೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ.

ಎಷ್ಟು ಆಸ್ಥೆಯಿಂದ ಅವರಿಗೆ ಯಂತ್ರ ಹೊಂದಿಸಿದೆನೆಂದರೆ ಹೊರಗಿದ್ದವರು ಗೊಣಗತೊಡಗಿದರು. ಎರಡೂ ಕಿವಿಗೆ ಹಾಕಿ, ದೂರ ಹೋಗಿ ಮೆತ್ತಗೆ "ಅಜ್ಜೀ, ಊಟ ಆಯ್ತಾ?" ಎಂದೆ. "ಎಲ್ಲಿ ಆಗ್ತದೆ, ಬೆಳಗ್ಗೆ ಆರಕ್ಕೇ ಬಸ್ಸು ಹತ್ತಿಸಿದಾಳೆ ಇವಳು" ಎಂದರು. ಸೊಸೆ ನಕ್ಕು ಅತ್ತೇಬಿಟ್ಟಳು. ಆಮೇಲೆ ನಾನು ನನ್ನ ಫೋನು ತೆಗೆದು, ದೊಡ್ಡ ಪೂಜೆ ಮಾಡುವವಳ ಹಾಗೆ ಆ ಹಾಡು ಹಾಕಿದೆ.

ಅಜ್ಜಿ ಕೇಳಿದರು. ಹುಬ್ಬು ಗಂಟಾಯಿತು. ನಾಲ್ಕು ಮಾತು ಮುಗಿಯುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಯಾರೋ ನೀರೊಳಗೆ ಕೂತು ಹಾಡ್ದಂಗೆ ಇದೆ. ಮಧ್ಯ ಮಧ್ಯ ಹೋಗ್ತದೆ. ಇದು ಅವಳಲ್ಲ" ಎಂದರು.

ಮಾತೆಲ್ಲ ಕೇಳುವ ಯಂತ್ರದಲ್ಲಿ ಹಾಡು ಏಕೆ ಕೇಳುವುದಿಲ್ಲ? ನನಗೆ ಉತ್ತರ ಗೊತ್ತಿರಲಿಲ್ಲ. ನಿಜ ಹೇಳುತ್ತೇನೆ, ಗೊತ್ತಿರಲಿಲ್ಲ. ನಾಳೆ ತೀರ್ಥಹಳ್ಳಿಗೆ ಬನ್ನಿ, ಸರಿ ಮಾಡುತ್ತೇನೆ ಎಂದು ಬಾಯಲ್ಲಿ ಧೈರ್ಯ ಹೇಳಿದೆ. ಅವರಿಗೆ ಮೇಳಿಗೆಯಲ್ಲಿ ಮಗಳ ಮನೆಯಿತ್ತು, ಹೇಗೂ ಹೋಗುವವರೇ. ನಮ್ಮ ವ್ಯಾನಿನಲ್ಲೇ ಬನ್ನಿ ಎಂದೂ ಹೇಳಿಬಿಟ್ಟೆ. ಡ್ರೈವರು ರೂಲ್ಸಿನಲ್ಲಿ ಇಲ್ಲ ಎಂದ. ನಿನ್ನ ರೂಲ್ಸು ಮಡಚಿ ಜೇಬಲ್ಲಿಟ್ಟುಕೋ ಎಂದೆ.

ಸಂಜೆ ಲಾಡ್ಜಿಗೆ ಬಂದವಳೇ ಅಂಥದ್ದೇ ಒಂದು ಯಂತ್ರ ತೆಗೆದು, ಅಜ್ಜಿಯ ಲೆಕ್ಕಕ್ಕೆ ಹೊಂದಿಸಿ, ಪರೀಕ್ಷೆಯ ಕೊಳವೆ ಸಿಕ್ಕಿಸಿ ನನ್ನ ಕಿವಿಗಿಟ್ಟುಕೊಂಡೆ. ಹಾಡು ಹಾಕಿದೆ. ಅಯ್ಯೋ ದೇವರೇ! ನನ್ನ ಹಾಡು ಚಿಂದಿಯಾಗಿ ಬರುತ್ತಿತ್ತು. ಎಳೆದ ಕಡೆಯಲ್ಲೆಲ್ಲ ದನಿ ಮುಳುಗಿ ಸಾಯುತ್ತಿತ್ತು. ಆಗ ಅರ್ಥವಾಯಿತು. ಈ ಯಂತ್ರಗಳಿಗೆ ನಾವು ಕಲಿಸಿರುವುದು ಒಂದೇ ಪಾಠ. ತುಂಡುತುಂಡಾಗಿ ಬರುವುದು ಮಾತು, ಅದನ್ನು ಉಳಿಸು. ಒಂದೇ ಸಮ ಎಳೆದು ಬರುವುದು ಫ್ಯಾನು, ಮಿಕ್ಸಿ, ಬಸ್ಸಿನ ಎಂಜಿನ್ನು, ಅದನ್ನು ಕೊಲ್ಲು. ಹಾಡು ಎಂದರೆ ಎಳೆದ ದನಿಯೇ ತಾನೆ? ಗದ್ದಲವೆಂದುಕೊಂಡು ಯಂತ್ರ ಅದನ್ನು ಕೊಲ್ಲುತ್ತಿತ್ತು. ಗದ್ದಲ ತಡೆಯುವುದನ್ನು ಪೂರ್ತಿ ಏರಿಸಿ ಇಟ್ಟವಳು ನಾನೇ. ಎಲ್ಲರಿಗೂ ಹಾಗೇ ಇಡುತ್ತೇನೆ.

ಮಂಚದ ಮೇಲೆ ಕೂತು ಇಪ್ಪತ್ತೆರಡು ವರ್ಷ ಲೆಕ್ಕ ಹಾಕಿದೆ. ಬೆಳಗಿನಿಂದ ರಾತ್ರಿವರೆಗೆ ಹಾಡು ಹಾಡು ಎಂದು ಸಾಯುವವಳು ನಾನು. ಕಿವಿ ಕಳೆದುಕೊಂಡು ನನ್ನ ಮುಂದೆ ಕೂತ ಒಬ್ಬರನ್ನಾದರೂ ನಿಮಗೆ ಯಾವ ಹಾಡು ಕೇಳಬೇಕು ಎಂದು ಕೇಳಿದ್ದೇನೆಯೆ? ಇಲ್ಲ. ಫಾರ್ಮಿನಲ್ಲಿ ಅದಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಕೂಡಲೇ ಲ್ಯಾಪ್‌ಟಾಪು ಬಿಚ್ಚಿ, ಒಂದೊಂದೇ ತಡೆಯನ್ನು ಇಳಿಸುತ್ತ, ಹಾಡು ಕೇಳುತ್ತ, ಯಂತ್ರ ಸೀಟಿ ಹೊಡೆದಾಗ ಬೈಯುತ್ತ, ಮತ್ತೆ ಹೊಂದಿಸುತ್ತ ಕೂತೆ. ಕೊನೆಗೆ ಹಿಂದೆ ಕರು ಕೂಗಿದ್ದೂ ಸ್ಪಷ್ಟವಾಗಿ ಕೇಳಿದಾಗ ಊಟಕ್ಕೆ ಎದ್ದೆ.

ಶನಿವಾರ ಬೆಳಗ್ಗೆ ಕೋಣಂದೂರಿನ ಮೇಲೆ ತೀರ್ಥಹಳ್ಳಿಗೆ ಹೊರಟೆವು. ಅಜ್ಜಿಗೆ ಮಾತು ಚೆನ್ನಾಗಿ ಕೇಳುತ್ತಿತ್ತು. ಡ್ರೈವರಿನ ಗೇರು ಸದ್ದು ಮಾಡುತ್ತದೆ ಎಂದು ಆಗಲೇ ಎರಡು ಸಲ ದೂರು ಹೇಳಿದ್ದರು. ನಾನು ಸುಮ್ಮನಿರಲಾರದೆ, "ರೆಕಾರ್ಡು ಮಾಡಿದ ದಿನ ನೀವು ಯಾಕೆ ಹಾಡಲಿಲ್ಲ ಅಜ್ಜಿ?" ಎಂದೆ.

"ನಾನೆಲ್ಲಿದ್ದೆ ಊರಲ್ಲಿ! ಮೇಳಿಗೆ ಮಗಳ ಮನೆಗೆ ಮೊಮ್ಮಗಳ ಬಾಣಂತನಕ್ಕೆ ಹೋಗಿದ್ದೆ" ಎಂದರು. "ಬಂದು ನೋಡ್ತೀನಿ, ಇವಳು ಹಾಡಿ ಕಳ್ಸಿದಾಳೆ. ಒಬ್ಬಳೇ. ನಲ್ವತ್ತು ವರ್ಷದಲ್ಲಿ ನಾನಿಲ್ದೆ ಒಂದು ಸೊಲ್ಲು ಎತ್ತಿದವಳಲ್ಲ. ನಂಗೆ ಎಂತಾ ಸಿಟ್ಟು ಬಂತು ಅಂದ್ರೆ, ಬೇಲಿ ಹತ್ರ ಬಂದು ಮಾತಾಡ್ಸಿದ್ರೆ ಮುಖ ತಿರುಗಿಸ್ತಿದ್ದೆ. ಮೂರು ತಿಂಗ್ಳು. ಫೋನು ಹಿಡ್ಕೊಂಡು ಬಂದ್ಳು, ಕೇಳೇ ಒಂದ್ಸಲ, ಕೇಳೇ ಅಂತ. ನಾ ಯಾಕೆ ಕೇಳ್ಲಿ, ನೀ ಒಬ್ಬಳೇ ಹಾಡ್ಕ, ನೀನೇ ಕೇಳ್ಕ ಅಂದೆ."

"ಆಮೇಲೆ?"

"ಆಮೇಲೆ ಎಂತ, ರಾಜಿ ಆಯ್ತು. ಹೆಂಗಸರ ಜಗಳ ಎಷ್ಟು ದಿನ. ಆದ್ರೆ ಆ ಹಾಡಿನ ಸುದ್ದಿ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅಷ್ಟ್ರಲ್ಲಿ ನನ್ನ ಕಿವಿ ಹೋಯ್ತು. ಅವಳೂ ಹೋದ್ಳು." ಮಡಿಲಲ್ಲಿದ್ದ ಕೊಡೆಯ ಹಿಡಿಯನ್ನು ಬೆರಳಲ್ಲಿ ತಿರುಗಿಸಿದರು. "ನಾನಿಲ್ದೆ ಹೆಂಗೆ ಹಾಡಿದ್ಳು ಅಂತ ಒಂದ್ಸಲ ಕೇಳ್ಬೇಕು ಅಷ್ಟೇ. ಚೆನ್ನಾಗೇ ಹಾಡಿರ್ತಾಳೆ. ಅವಳಿಗೆ ನಾನು ಬೇಕಿತ್ತು ಅಂತ ನಾನೇ ಅಂದ್ಕೊಂಡಿದ್ದೆ."

ಇದನ್ನು ಸೊಸೆಯೂ ಮೊದಲ ಸಲ ಕೇಳುತ್ತಿದ್ದಳೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಡ್ರೈವರು ಗೇರನ್ನು ಬಹಳ ನಾಜೂಕಾಗಿ ಬದಲಾಯಿಸತೊಡಗಿದ.

ತೀರ್ಥಹಳ್ಳಿಯ ಶಿಬಿರ ನಾಲ್ಕಕ್ಕೆ ಮುಗಿಯಿತು. ವ್ಯಾನಿನೊಳಗೆ ಅಜ್ಜಿಯನ್ನು ಕೂರಿಸಿ ಎರಡೂ ಯಂತ್ರಕ್ಕೆ ಹೊಸದಾಗಿ ಹಾಡಿನ ಹೊಂದಿಕೆ ಸೇರಿಸಿದೆ. ಯಂತ್ರದ ಬೆನ್ನಿಗೆ ಒಂದು ಸಣ್ಣ ಗುಂಡಿ ಇದೆ. ಒಮ್ಮೆ ಒತ್ತಿದರೆ ಹಾಡಿಗೆ, ಮತ್ತೊಮ್ಮೆ ಒತ್ತಿದರೆ ಮಾತಿಗೆ. "ಹಾಡಿಗೆ ಇಟ್ಟಾಗ ಕೈಯೋ ಸೆರಗೋ ಹತ್ರ ಬಂದ್ರೆ ಸೀಟಿ ಹೊಡೀತದೆ, ತಲೆ ಮೇಲೆ ಸೆರಗು ಹಾಕ್ಬೇಡಿ" ಎಂದು ಸೊಸೆಗೂ ಹೇಳಿದೆ. ಪರೀಕ್ಷೆಗೆಂದು ಫೋನು ತೆಗೆದೆ. ಅಜ್ಜಿ ನನ್ನ ಕೈ ಹಿಡಿದುಬಿಟ್ಟರು.

"ಬ್ಯಾಡ. ಆ ಡಬ್ಬೀಲಿ ಇನ್ನೊಂದ್ಸಲ ಬ್ಯಾಡ. ಕೇಳ್ಲಿಲ್ಲ ಅಂದ್ರೆ ಅಲ್ಲೇ ಕೇಳದೇ ಇರ್ಲಿ."

ಹಾಗಾದರೆ ಯಂತ್ರ ಸರಿಯಿದೆಯೆಂದು ನನಗೆ ಗೊತ್ತಾಗುವುದು ಹೇಗೆ? ಬೇರೆ ದಾರಿ ಕಾಣದೆ ನಾನೇ ಹಾಡಿದೆ, ನಮ್ಮಮ್ಮ ಹಾಡುತ್ತಿದ್ದ ಒಂದು ಜೋಗುಳದ ಎರಡು ಸಾಲು. ಅಜ್ಜಿ ಗಂಭೀರವಾಗಿ ಕೇಳಿ, "ಎರಡನೇ ಸಾಲಲ್ಲಿ ನಿಮ್ಮ ದನಿ ಜಾರ್ತದೆ" ಎಂದರು. ಹೊರಗಿದ್ದ ಡ್ರೈವರು ಬಿದ್ದು ಬಿದ್ದು ನಕ್ಕ. ನನಗೆ ಅವಮಾನವಾಗಬೇಕಿತ್ತು. ಕುಣಿಯುವಷ್ಟು ಖುಷಿಯಾಯಿತು.

ಆರು ಗಂಟೆಗೆ ಮೈದಾನ ತುಂಬಿತ್ತು. ಎಂಟನೇ ಸಾಲಿನಲ್ಲಿ ಕೂತೆವು, ನನ್ನ ಎಡಕ್ಕೆ ಅಜ್ಜಿ, ಅವರಾಚೆ ಸೊಸೆ. ಡ್ರೈವರು ನನಗೇನೂ ಆಸಕ್ತಿಯಿಲ್ಲ ಎನ್ನುತ್ತ ಬಂದು ಹಿಂದೆ ಕೂತ. ಬೆಳಕು ಬಿತ್ತು, ಐದು ಜನ ಬಂದರು. ಫೋನಿನಲ್ಲಿ ಅಂಗೈಯಷ್ಟಿದ್ದವರು ಇಷ್ಟೆತ್ತರ ಇದ್ದಾರೆ! ಹಾಡುವ ಹುಡುಗಿ ಬರಿಗಾಲಲ್ಲಿದ್ದಳು. ಮೊದಲ ಡ್ರಮ್ಮಿನ ಪೆಟ್ಟು ಕಿವಿಗೆ ಬೀಳಲಿಲ್ಲ, ಎದೆಗೇ ಬಿತ್ತು. ಕುರ್ಚಿಯ ಕಾಲು ನಡುಗಿತು. ಕಿವಿಯ ಬಗ್ಗೆ ನನಗೆ ಎಲ್ಲ ಗೊತ್ತಿದೆಯೆಂದು ತಿಳಿದಿದ್ದೆನಲ್ಲ, ಸದ್ದು ಹೀಗೆ ಮೈಯನ್ನೆಲ್ಲ ಹಿಡಿದು ಎತ್ತುತ್ತದೆಂದು ಗೊತ್ತೇ ಇರಲಿಲ್ಲ. ಸಾವಿರ ಸಲ ಕೇಳಿದ ಹಾಡುಗಳನ್ನು ಮೊದಲ ಸಲ ಕೇಳುತ್ತಿದ್ದೆ. ಆ ಹುಡುಗಿ ಉಸಿರು ತೆಗೆದುಕೊಳ್ಳುವುದು ಕಾಣುತ್ತಿತ್ತು. ಕೊಳಲಿನವನು ಕಣ್ಣು ಮುಚ್ಚಿ ಒಂದು ಸ್ವರವನ್ನು ಹಿಡಿದು ನಿಂತಾಗ ಇಡೀ ಮೈದಾನ ಅವನ ಜೊತೆ ಉಸಿರು ಹಿಡಿಯಿತು. ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಸುಳ್ಳಲ್ಲ, ಕಣ್ಣಲ್ಲಿ ನೀರು ಬಂತು. ಪಕ್ಕಕ್ಕೆ ತಿರುಗಿದರೆ ಅಜ್ಜಿ ಕೈಕಟ್ಟಿ ಕೂತು, ಪರೀಕ್ಷೆ ಮಾಡುವ ಮೇಷ್ಟರ ಮುಖದಲ್ಲಿ ಕೇಳುತ್ತಿದ್ದರು. "ಹುಡುಗಿಗೆ ದನಿ ಉಂಟು. ಕುಣಿಯೋದು ಜಾಸ್ತಿ ಆಯ್ತು" ಎಂದರು.

ಹತ್ತನೆಯದೋ ಹನ್ನೊಂದನೆಯದೋ ಹಾಡು ಮುಗಿದ ಮೇಲೆ ಹುಡುಗಿ ಮೈಕು ಹಿಡಿದು ನಿಂತಳು. "ಮುಂದಿನ ಹಾಡು ಹೊಸನಗರದ ಕಡೆ ಒಬ್ಬ ಅಜ್ಜಿ ಕಲಿಸಿದ್ದು. ಅವರು ಈಗ ಇಲ್ಲ. ಅವರ ದನಿಯನ್ನೇ ಮೊದಲು ಕೇಳಿಸ್ತೀವಿ. ಅವರು ಪ್ರತಿ ಸಾಲಾದ ಮೇಲೂ ನಿಲ್ಲಿಸ್ತಿದ್ರು. ನಿಲ್ಲಿಸದೆ ಹಾಡಿ ಅಜ್ಜಿ ಅಂತ ನಾವು ತುಂಬಾ ಕೇಳ್ಕೊಂಡ್ವಿ. ಆಗೋದಿಲ್ಲ ಅಂದ್ರು. ಯಾಕೆ ಅಂತ ನಮಗೆ ಗೊತ್ತಾಗಲಿಲ್ಲ, ಹಾಗೇ ಇಟ್ಕೊಂಡ್ವಿ" ಎಂದಳು.

ನನಗೆ ಆಗಲೂ ಹೊಳೆಯಲಿಲ್ಲ. ಇಷ್ಟು ದಿನ ರುಚಿ, ಕಲೆ ಎಂದೆಲ್ಲ ಭಾಷಣ ಬಿಗಿದವಳಿಗೆ ಹೊಳೆಯಲಿಲ್ಲ.

ಸರಿಯಾಗಿ ಆಗಲೇ ಅಜ್ಜಿಯ ಕಿವಿಯಿಂದ ಕುಂಯ್ ಎಂದು ಸೀಟಿ. ಚಳಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದರು. ಸೊಸೆ ಸರಕ್ಕನೆ ಸೆರಗು ಇಳಿಸಿ, ತನ್ನ ಶಾಲು ಬಿಚ್ಚಿ ಅತ್ತೆಯ ಭುಜಕ್ಕೆ ಹೊದಿಸಿ, ಅದು ಮೇಲೇರದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಸೀಟಿ ನಿಂತಿತು. ವೇದಿಕೆಯ ದೀಪಗಳೆಲ್ಲ ಆರಿದವು.

ದೊಡ್ಡ ಸ್ಪೀಕರುಗಳಿಂದ ಆ ದನಿ ಬಂತು. ಸ್ವಲ್ಪ ಒಡೆದ, ಸ್ವಲ್ಪ ಮೂಗಿನ, ಹಿಂದೆ ಕರು ಕೂಗುವ ಅದೇ ದನಿ. ಮೈದಾನದ ಕೊನೆಯವರೆಗೂ ಹೋಯಿತು. ನಾನು ವೇದಿಕೆ ನೋಡಲಿಲ್ಲ, ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಕೇಳಿತು! ಬಾಯಿ ಅರ್ಧ ತೆರೆದು, ಕಣ್ಣು ಅಗಲವಾಯಿತು. "ಅವಳೇ" ಎಂದರು. "ಅವಳೇ ಕಣೇ."

ಮೊದಲ ಸಾಲು ಮುಗಿಯಿತು. ದನಿ ನಿಂತಿತು. ಮೌನ.

ಅಜ್ಜಿ ಹಾಡಿದರು.

ಯೋಚನೆ ಮಾಡಿ ಹಾಡಿದ್ದಲ್ಲ. ಹೊಸನಗರದ ಶಾಲೆಯಲ್ಲಿ ನನ್ನ ಯಂತ್ರದ ಸ್ವರವನ್ನು ಹೇಗೆ ತಿರುಗಿ ಕೊಟ್ಟರೋ ಹಾಗೇ ಕೊಟ್ಟರು. ಅದೇ ಸಾಲು, ಅದೇ ಎಳೆತ. ಸಾಲು ಮುಗಿದು ಅವರ ದನಿ ನೆಲ ಮುಟ್ಟುವುದಕ್ಕೂ ಸ್ಪೀಕರಿನಿಂದ ಗೆಳತಿ ಎರಡನೇ ಸಾಲು ಎತ್ತುವುದಕ್ಕೂ ಸರಿಹೋಯಿತು. ಒಂದು ಚೂರು ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಮೌನದ ಅಳತೆ ಇವರ ದನಿಯ ಅಳತೆಯೇ ಆಗಿತ್ತು.

ಜನ ತಿರುಗಿ ನೋಡತೊಡಗಿದರು. ಯಾರೋ ಶ್ ಎಂದರು. ಹಿಂದಿನಿಂದ ನಮ್ಮ ಡ್ರೈವರು ಎದ್ದು ನಿಂತು, "ಯಾವನ್ರೀ ಅವನು ಶ್ ಅನ್ನೋನು, ಹಾಡ್ಲಿ ಬಿಡ್ರೀ!" ಎಂದು ಗುಡುಗಿದ. ಎರಡನೇ ಸಾಲು ಬಂತು, ಅಜ್ಜಿ ಹಿಡಿದರು. ಮೂರನೆಯದು ಬಂತು, ಹಿಡಿದರು. ಈಗ ಎಂಟು ಸಾಲು ಕುರ್ಚಿಯಾಚೆ ವೇದಿಕೆಗೂ ಕೇಳುವಷ್ಟು ದನಿ ಬಲಿತಿತ್ತು. ನಾಲ್ಕನೇ ಸಾಲಿಗೆ ಇಡೀ ಮೈದಾನದಲ್ಲಿ ಇಬ್ಬರು ಹೆಂಗಸರ ದನಿ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಒಬ್ಬರು ಇದ್ದವರು, ಒಬ್ಬರು ಇಲ್ಲದವರು. ಕತ್ತಲಲ್ಲಿ ಕೇಳಿದರೆ ಯಾವ ದನಿ ಯಾರದೆಂದು ಹೇಳಲಾಗುತ್ತಿರಲಿಲ್ಲ.

ನಾಲ್ಕು ಸಾಲಾದ ಮೇಲೆ ಡ್ರಮ್ಮು ಬೀಳಬೇಕು. ಬೀಳಲಿಲ್ಲ. ದೀಪ ಹತ್ತಿದಾಗ ನೋಡಿದರೆ ಡ್ರಮ್ಮಿನವನು ಎರಡೂ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಅಜ್ಜಿ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದರು. "ಜಾಗ ಬಿಟ್ಟಿದಾಳೆ" ಎಂದರು. "ನೋಡಿದ್ರಾ? ನನ್ನ ಜಾಗ ಬಿಟ್ಟೇ ಹಾಡಿದಾಳೆ. ನಾನು ಮೂರು ತಿಂಗ್ಳು ಮಾತು ಬಿಟ್ಟಿದ್ದೆ ಮಾರಾಯ್ತಿ, ಮೂರು ತಿಂಗ್ಳು!" ಆಮೇಲೆ ಅತ್ತರು. ಸೊಸೆ ಶಾಲು ಬಿಡದೆ ಹಾಗೇ ತಬ್ಬಿಕೊಂಡಳು. ನಾನೂ ಅತ್ತುಬಿಟ್ಟೆ.

ಹಾಡುವ ಹುಡುಗಿ ಮೈಕು ಹಿಡಿದುಕೊಂಡೇ ವೇದಿಕೆಯಿಂದ ಇಳಿದು, ಕುರ್ಚಿಗಳ ನಡುವೆ ಬರಿಗಾಲಲ್ಲಿ ನಡೆದು ಬಂದಳು. ನಾಲ್ಕು ಸಲ ಆಸೆಪಟ್ಟು ನೋಡಲು ಬಂದ ನನ್ನ ಹುಡುಗಿ ನನ್ನಿಂದ ಒಂದು ಮೊಳ ದೂರದಲ್ಲಿ ಮಂಡಿಯೂರಿ ಕೂತಳು. ನಾನು ಅವಳನ್ನು ನೋಡುವುದನ್ನೇ ಮರೆತಿದ್ದೆ. ಅವಳೂ ಅಜ್ಜಿಯನ್ನೇ ನೋಡುತ್ತಿದ್ದಳು. ಯಾರು, ಏನು ಎಂದು ಸೊಸೆ ಎರಡು ಮಾತಿನಲ್ಲಿ ಹೇಳಿದಳು.

"ಅಜ್ಜಿ, ಇನ್ನೊಂದ್ಸಲ ಹಾಡ್ತೀರಾ?" ಎಂದಳು ಹುಡುಗಿ.

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. ಯಂತ್ರ ಕುಂಯ್ ಎಂದಿತು, ಕೈ ಇಳಿಸಿದರು.

"ನನ್ನ ಎಂತ ಕೇಳ್ತೀರಿ? ನಂಗೆ ಎತ್ತೋಕೆ ಬರೋದಿಲ್ಲ. ಅವಳನ್ನ ಕೇಳಿ. ಅವಳು ಎತ್ತಿದ್ರೆ ನಾನು ಹಿಡೀತೀನಿ."

ಹುಡುಗಿ ವೇದಿಕೆಯ ಕಡೆ ತಿರುಗಿ ಕೈ ಮಾಡಿದಳು. ಮತ್ತೆ ಕರು ಕೂಗಿತು. ಗೆಳತಿ ಎತ್ತಿದಳು, ಇವರು ಹಿಡಿದರು.